ಪಿನಾಕಿನಿ ದಂಡೆಯ ಗೌರಿಬಿದನೂರು

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೊರಟ ರೈಲು ದೊಡ್ಡಬಳ್ಳಾಪುರ ದಾಟಿ ಉತ್ತರಕ್ಕೆ ಸಾಗಿದರೆ ಸಿಗುವ ಊರು ಗೌರಿಬಿದನೂರು. ಚಿಕ್ಕಬಳ್ಳಾಪುರ ಜಿಲ್ಲೆಯ ಈ ತಾಲ್ಲೂಕು ಕೇಂದ್ರ ಉತ್ತರ ಪಿನಾಕಿನಿಯ ದಂಡೆಯಲ್ಲಿದೆ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಈ ನದಿ ಆಂಧ್ರಕ್ಕೆ ಹೋಗಿ ಪೆನ್ನಾ ಎನಿಸಿಕೊಂಡು, ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಇದೇ ನದಿಯ ತೀರದಲ್ಲಿ ವಿದುರಾಶ್ವತ್ಥವಿದೆ. ಮಹಾಭಾರತದ ವಿದುರ ಇಲ್ಲಿ ಅರಳಿ ಮರ ನೆಟ್ಟನೆಂಬುದು ನಂಬಿಕೆ. ಆ ಹಳೆಯ ಮರ 2001ರಲ್ಲಿ ಬಿತ್ತು. ಸುತ್ತ ಪ್ರತಿಷ್ಠಾಪಿಸಿರುವ ನಾಗರಕಲ್ಲುಗಳನ್ನು ಎಣಿಸುವುದೇ ಕಷ್ಟ.

ಈ ಪುಣ್ಯಕ್ಷೇತ್ರದಲ್ಲಿ ರಕ್ತವೂ ಹರಿದಿದೆ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸುವುದಕ್ಕೆ ಅಡ್ಡಿಯಿದ್ದ ಕಾಲ ಅದು. ಶಿವಪುರದ ಧ್ವಜ ಸತ್ಯಾಗ್ರಹ ನಡೆದ ಎರಡು ವಾರಗಳಲ್ಲೇ, 1938ರ ಏಪ್ರಿಲ್ 25ರಂದು, ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಬಂದದ್ದು ಹೀಗೆ. ಮರುತಿಂಗಳೇ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ಸಿಕ್ಕಿತು.

ಈ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು ಡಾ. ಎಚ್. ನರಸಿಂಹಯ್ಯ. ಬಡತನದಲ್ಲಿ ಬೆಳೆದ ಹುಡುಗ ಹೈಸ್ಕೂಲು ಓದಲು ನಡೆದೇ ಬೆಂಗಳೂರು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಅವರು ಮಕ್ಕಳಿಗೆ ಕಲಿಸಿದ ಪಾಠ.

ವಿಜ್ಞಾನಕ್ಕೂ ಈ ಸೀಮೆಗೂ ನಂಟು ಹಳೆಯದು. ದೂರದೇಶಗಳ ಭೂಗತ ಅಣುಸ್ಫೋಟಗಳ ಕಂಪನವನ್ನೂ ಗುರುತಿಸುವ ಕೇಂದ್ರ ಇಲ್ಲಿ 1960ರ ದಶಕದಲ್ಲಿ ಆರಂಭವಾಯಿತು. ನಂತರದ ದಶಕದಲ್ಲಿ ಆಕಾಶದ ರೇಡಿಯೊ ಅಲೆಗಳನ್ನು ಹಿಡಿಯುವ ದೂರದರ್ಶಕವೂ ಬಂತು. ಬಯಲಿನಲ್ಲಿ ಸಾಲಾಗಿ ನಿಂತ ನೂರಾರು ಆಂಟೆನಾಗಳೇ ಅದರ ಕಣ್ಣು.

ಆದರೆ ಊರಿಗೆ ಆಸರೆಯಾದ ನದಿಯ ಸ್ಥಿತಿ ಮಾತ್ರ ಮರುಕ ಹುಟ್ಟಿಸುತ್ತದೆ. ಭಾರಿ ಮಳೆಯಾದ ವರ್ಷ ತುಂಬಿ ಹರಿಯುವ ಪಿನಾಕಿನಿ ಉಳಿದಂತೆ ಒಣಗಿದ ಪಾತ್ರ. ಮರಳು ಬರಿದಾದಂತೆಲ್ಲ ನೆಲಕ್ಕೆ ನೀರು ಇಂಗುವುದೂ ಕಡಿಮೆ. ಕೊಳವೆಬಾವಿ ಆಳಕ್ಕಿಳಿದಂತೆ ಫ್ಲೋರೈಡ್ ಕಾಟ ಬೇರೆ.

ರಜೆಯಲ್ಲಿ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದೊಯ್ಯುವ ಪೋಷಕರು ಗುಡಿ, ಹುತಾತ್ಮರ ಸ್ಮಾರಕ ನೋಡಿದ ಮೇಲೆ ನದಿಯ ಪಾತ್ರಕ್ಕೂ ಇಳಿಯಲಿ. ‘ನೀರು ಎಲ್ಲಿ ಹೋಯಿತು?’ ಎಂದು ಮಕ್ಕಳು ಕೇಳಿದರೆ, ನರಸಿಂಹಯ್ಯನವರ ಪಾಠ ಅವರಿಗೆ ಹಿಡಿಸಿದೆ ಎಂದೇ ಅರ್ಥ.