ಏಪ್ರಿಲ್ ಮಧ್ಯಾಹ್ನ ಜಕ್ಕೂರು ಎಷ್ಟು ಎತ್ತರ?

ಬೆಂಗಳೂರಿನ ಗಾಳಿಯ ಒತ್ತಡ 1,012 ಹೆಕ್ಟೊಪ್ಯಾಸ್ಕಲ್ ಎಂದು ಮೊಬೈಲಿನ ಹವಾಮಾನ ಆ್ಯಪ್ ಹೇಳುವ ಹೊತ್ತಿನಲ್ಲೇ ವಿಜಯನಗರದ ತಾರಸಿಯೊಂದರ ಮೇಲೆ ಒತ್ತಡಮಾಪಕ ಇಟ್ಟು ನೋಡಿ. ಅದು 910ರ ಆಸುಪಾಸು ತೋರಿಸುತ್ತದೆ. ಎರಡೂ ಸರಿಯೇ. ತಾರಸಿಯದು ಅಲ್ಲಿ ನಿಜಕ್ಕೂ ಇರುವ ಒತ್ತಡ. ಆ್ಯಪ್‌ನದು ಇದೇ ಜಾಗ ಸಮುದ್ರಮಟ್ಟದಲ್ಲಿದ್ದಿದ್ದರೆ ಎಷ್ಟಿರುತ್ತಿತ್ತು ಎಂಬ ಲೆಕ್ಕ. ನಡುವಿನ ನೂರರ ಅಂತರ ನಮ್ಮ ಊರು ನಿಂತಿರುವ ಸುಮಾರು 900 ಮೀಟರ್ ಎತ್ತರದ್ದು. ರಾಜಾಜಿನಗರದಲ್ಲಿ ಕಾಫಿಗಿಟ್ಟ ನೀರು 97 ಡಿಗ್ರಿಗೇ ಕುದಿಯುವುದೂ ಇದರಿಂದಲೇ.

ಪೈಲಟ್ ಆಗಬಯಸುವ ಪಿಯುಸಿ ವಿದ್ಯಾರ್ಥಿ ಎಲ್ಲಕ್ಕಿಂತ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ ಪಾಠ ಇದು ಎಂದೇ ನನ್ನ ನಂಬಿಕೆ. ವಿಮಾನದ ಆಲ್ಟಿಮೀಟರ್ ಅಳೆಯುವುದು ಒತ್ತಡವನ್ನು. ಎತ್ತರ ಅದರಿಂದ ಹುಟ್ಟುವ ಊಹೆ. ಒತ್ತಡದ ಸೆನ್ಸರ್ ಇರುವ ಫೋನ್ ಹಿಡಿದು ಬಸವೇಶ್ವರನಗರದ ಮೂರು ಮಹಡಿಯ ಕಟ್ಟಡ ಹತ್ತಿದರೆ ಸಾಕು, ಸುಮಾರು ಒಂದು ಹೆಕ್ಟೊಪ್ಯಾಸ್ಕಲ್ ಇಳಿದಿರುತ್ತದೆ.

ಆದರೆ ಒತ್ತಡ ಎತ್ತರದಿಂದಷ್ಟೇ ಅಲ್ಲ, ಹವೆಯಿಂದಲೂ ಬದಲಾಗುತ್ತದೆ. ಅದಕ್ಕೇ ಆಲ್ಟಿಮೀಟರಿನಲ್ಲಿ ಪುಟ್ಟ ಕಿಟಕಿಯೊಂದಿದೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಅಂದಿನ ಒತ್ತಡವನ್ನು, ಅಂದರೆ ಕ್ಯೂಎನ್‌ಎಚ್ ಅನ್ನು, ಕಂಟ್ರೋಲ್ ಟವರ್ ತಿಳಿಸುತ್ತದೆ. ಪೈಲಟ್ ಒಂದೊಂದೇ ಅಂಕಿ ಬಿಡಿಸಿ ಮರುನುಡಿದು ಆ ಕಿಟಕಿಯಲ್ಲಿ ಕೂರಿಸುತ್ತಾರೆ. ಆಗ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ನೆಲದ ಮೇಲೆ ನಿಂತ ತರಬೇತಿ ವಿಮಾನದಲ್ಲಿ ಮುಳ್ಳು ಸುಮಾರು 3,000 ಅಡಿ ತೋರಿಸುತ್ತದೆ. ಕ್ಯೂಎನ್‌ಎಚ್ 1,009 ಇರುವ ದಿನ 1,016 ಇಟ್ಟುಬಿಟ್ಟರೆ ವಿಮಾನ ತಾನು ತೋರಿಸುವುದಕ್ಕಿಂತ ಸುಮಾರು 200 ಅಡಿ ಕೆಳಗಿರುತ್ತದೆ. ದೇವನಹಳ್ಳಿ ನಿಲ್ದಾಣದ ಉತ್ತರಕ್ಕೆ 1,478 ಮೀಟರಿನ ನಂದಿಬೆಟ್ಟವಿದೆ. ಮೋಡ ಕವಿದ ದಿನ ಆ 200 ಅಡಿ ಸಣ್ಣದಲ್ಲ.

ಇನ್ನೊಂದು ಎತ್ತರ ಯಾವ ಮುಳ್ಳಿನಲ್ಲೂ ಕಾಣುವುದಿಲ್ಲ. ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ವಿಮಾನಕ್ಕೆ ತಾನು ಇನ್ನೂ ಮೇಲಿದ್ದೇನೆ ಎನ್ನಿಸುತ್ತದೆ. ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಲೆಕ್ಕ ಸುಲಭ. ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ ಎರಡು ಡಿಗ್ರಿ ಕಡಿಮೆ ಎಂಬುದು ಪ್ರಮಾಣಿತ ವಾತಾವರಣ. ಹಾಗೆ ಜಕ್ಕೂರಿಗೆ ಸಲ್ಲಬೇಕಾದ್ದು 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ 36 ಇದ್ದರೆ 27 ಡಿಗ್ರಿ ಹೆಚ್ಚಾಯಿತು. ಡಿಗ್ರಿಗೆ 120 ಅಡಿಯಂತೆ ಆ 3,000 ಅಡಿಗೆ ಸೇರಿಸಿದರೆ ಸುಮಾರು 6,240 ಅಡಿ, ಅಂದರೆ 1,900 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಗೆ ಹೆಚ್ಚುಕಡಿಮೆ ಸಮ!

ಆಗ ಜಕ್ಕೂರಿನ ಗಾಳಿ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಆರರಲ್ಲೊಂದು ಪಾಲು ತೆಳು. ರೆಕ್ಕೆಗೆ ಆಧಾರ ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ, ಸೆಸ್ನಾದಂಥ ಪುಟ್ಟ ವಿಮಾನದ ಎಂಜಿನ್ನಿಗೆ ಉಸಿರೂ ಕಡಿಮೆ. ವೇಗಮಾಪಕವೂ ಗಾಳಿಯ ಒತ್ತನ್ನೇ ಅಳೆಯುವುದರಿಂದ, ಮುಳ್ಳು ಎಂದಿನ ಟೇಕಾಫ್ ವೇಗಕ್ಕೆ ಬರುವಷ್ಟರಲ್ಲಿ ಚಕ್ರಗಳು ನೆಲದ ಮೇಲೆ ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು ವೇಗವಾಗಿ ಓಡುತ್ತಿರುತ್ತವೆ. ಕಣ್ಣಿಗೆ ‘ಸಾಕು, ಏರಿಸು’ ಎನ್ನಿಸುವುದು ಅದಕ್ಕೂ ಮೊದಲೇ. ಕಣ್ಣನ್ನು ನಂಬಿ ಅವಸರದಲ್ಲಿ ಮೂಗು ಎತ್ತಿದರೆ ವಿಮಾನ ಏರದೆ ತಡವರಿಸುತ್ತದೆ. ನಂಬಬೇಕಾದದ್ದು ಮುಳ್ಳನ್ನು, ಕಾಯಬೇಕಾದದ್ದು ಅದಕ್ಕಾಗಿ.

ದೇವನಹಳ್ಳಿಯ ಎರಡೂ ರನ್‌ವೇ 4,000 ಮೀಟರ್ ಉದ್ದವಿರುವುದು ತುಂಬಿದ ದೊಡ್ಡ ವಿಮಾನಗಳಿಗೆ ಇಂಥ ದಿನಗಳಲ್ಲಿ ದೊಡ್ಡ ಅನುಕೂಲ. ತರಬೇತಿ ವಿಮಾನಕ್ಕಾದರೆ ಹೊತ್ತನ್ನು ಬದಲಿಸುವುದೇ ಉಪಾಯ. ಅದೇ ದಿನ ಬೆಳಗಿನ ಆರಕ್ಕೆ 20 ಡಿಗ್ರಿ ಇದ್ದರೆ ಅದೇ ಲೆಕ್ಕಕ್ಕೆ ಬರುವುದು 4,320 ಅಡಿ. ಬಿಸಿಲೇರುವ ಮೊದಲೇ ಹಾರಿ ಇಳಿದವರಿಗೆ 1,900 ಅಡಿಯಷ್ಟು ದಟ್ಟ ಗಾಳಿ ಪುಕ್ಕಟೆ ಸಿಕ್ಕಂತೆ.