ಮನೆಯಲ್ಲಿ ಕಟ್ಟುವ ವಿಮಾನದ ತಂತಿಗಳು

ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿರಿಸಿರುವ, 2017ರಲ್ಲಿ ನೌಕಾಪಡೆಯ ಸೇವೆಯಿಂದ ನಿವೃತ್ತವಾದ ಟುಪೊಲೆವ್ ವಿಮಾನವನ್ನು ಕಂಡವರು ರೆಕ್ಕೆಗಳಿಗೆ ಬೆರಗಾಗುತ್ತಾರೆ. ಒಳಗಿನ ತಂತಿಗಳನ್ನು ನೆನೆಯುವವರು ವಿರಳ. ನಕ್ಷೆಯನ್ನೋ ಬಿಡಿಭಾಗಗಳನ್ನೋ ತರಿಸಿ ಸ್ವಂತ ಕೈಯಿಂದ ಕಟ್ಟುವ ಪುಟ್ಟ ವಿಮಾನಗಳೂ ಉಂಟು. ಅಂಥದೊಂದಾದ, ಅಮೆರಿಕದ ಬರ್ಟ್ ರೂಟಾನ್ ರೂಪಿಸಿದ ಲಾಂಗ್-ಈಜಿಯನ್ನು ಆಧರಿಸಿ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ 1980ರ ದಶಕದಲ್ಲಿ ಹಗುರ ವಿಮಾನವೊಂದನ್ನು ನಿರ್ಮಿಸಿತು.

ಲೋಹದ ವಿಮಾನದಲ್ಲಿ ವಿದ್ಯುತ್ತು ಬ್ಯಾಟರಿಗೆ ಮರಳಲು ಒಡಲೇ ದಾರಿ. ಗಾಜಿನ ನಾರಿನ ಒಡಲು ವಿದ್ಯುತ್ತನ್ನು ಒಯ್ಯದು; ಆದುದರಿಂದ ಪ್ರತಿ ದೀಪಕ್ಕೂ ಮರಳುವ ತಂತಿಯನ್ನೂ ಎಳೆಯಬೇಕು. ಅಂಕೋಲೆಯಂಥ ಕಡಲಂಚಿನ ಉಪ್ಪುಗಾಳಿಯಲ್ಲಿ ಬರಿಯ ತಾಮ್ರ ಹಸಿರುಗಟ್ಟುವುದು. ತವರ ಲೇಪಿಸಿದ ತಂತಿಯೇ ಹಿತ.

ಮನೆಯ ತಂತಿ ತುಂಡಾದರೆ ದೀಪ ಆರುತ್ತದೆ. ವಿಮಾನದ ಎಂಜಿನಿನ ಮ್ಯಾಗ್ನೆಟೊ ಹಾಗಲ್ಲ. ಅದು ಬ್ಯಾಟರಿಯ ಹಂಗಿಲ್ಲದೆ ತಾನೇ ಕಿಡಿ ಹುಟ್ಟಿಸುತ್ತದೆ. ಸ್ವಿಚ್ಚಿನ ತಂತಿ ಇರುವುದು ಆ ಕಿಡಿಯನ್ನು ತಡೆಯಲಿಕ್ಕೆ. ಆ ತಂತಿ ತುಂಡಾದರೆ ಸ್ವಿಚ್ಚು ಆರಿಸಿದರೂ ಕಿಡಿ ಹಾರಬಲ್ಲುದು. ಸುಮ್ಮನೆ ನಿಂತ ಪಂಖವನ್ನು ಕೈಯಿಂದ ತಿರುಗಿಸಿದವನ ಪ್ರಾಣಕ್ಕೇ ಅಪಾಯ. ಆದಕಾರಣ ಪಂಖ ಸದಾ ಎಚ್ಚತ್ತಿದೆಯೆಂದೇ ಭಾವಿಸತಕ್ಕದ್ದು. ಮಕ್ಕಳಿಗೆ ರೆಕ್ಕೆಯ ಬೆರಗಿನೊಡನೆ ಈ ಎಚ್ಚರವನ್ನೂ ಹಿರಿಯರು ಕಲಿಸಬೇಕು.