ಎರಡು ಸೊನ್ನೆಗಳು

ಗಣಕಯಂತ್ರವೆಂದರೆ ಎಂದೂ ಲೆಕ್ಕ ತಪ್ಪದ ಯಂತ್ರವೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗೆ ಉಂಟು. ನನಗೂ ಇತ್ತು. ಕಳೆದ ವರ್ಷ ಎರಡು ಸೊನ್ನೆಗಳು ಆ ನಂಬಿಕೆಯನ್ನು ತಿದ್ದಿದವು. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಈ ವಿಷಯವಾಗಿ ಬರೆಯಲು ಇರುವ ಅಧಿಕಾರ ಇಷ್ಟೆ: ನಾನು ತಪ್ಪು ಮಾಡಿ ಕಲಿತವನು.

ನಡೆದುದು ಹೀಗೆ. ಪರೀಕ್ಷಾ ಶುಲ್ಕ ಕಟ್ಟಲು ತೊಂದರೆಯಲ್ಲಿದ್ದ ವಿದ್ಯಾರ್ಥಿಗಳಿಗೆ ನೆರವಾಗಲೆಂದು ನಾವು ಕೆಲವರು ಚಂದಾ ಎತ್ತಿದೆವು. ಬೇಕಾದವರು ನಾಲ್ವರ ಮುಂದೆ ಕೈಯೊಡ್ಡುವ ಸಂಕೋಚವಿಲ್ಲದೆ ಕೇಳುವಂತಾಗಲು ಒಂದು ವೆಬ್ ಫಾರ್ಮನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು, ತರಗತಿ, ಬೇಕಾದ ಮೊತ್ತ, ಬ್ಯಾಂಕ್ ಖಾತೆಯ ಸಂಖ್ಯೆ—ಇವು ಅದರ ಕಾಲಂಗಳು. ಪೈಥಾನ್ ಭಾಷೆಯಲ್ಲಿ, ಫ್ಲಾಸ್ಕ್ ಎಂಬ ಸಾಧನದ ನೆರವಿನಿಂದ ಅದನ್ನು ಕಟ್ಟಿದೆ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತೆರೆಯ ಮೇಲೆ ಕಾಣುವ ಫಾರ್ಮು ಒಂದು ಕಡೆ. ಅದರಲ್ಲಿ ತುಂಬಿದುದನ್ನು ಸ್ವೀಕರಿಸಿ ಕೆಲಸ ನಡೆಸುವ ಮೆಥಡ್ ಇನ್ನೊಂದು ಕಡೆ, ದೂರದ ಸರ್ವರಿನಲ್ಲಿ. ತಾಲ್ಲೂಕು ಕಚೇರಿಯ ಕಿಟಕಿಯ ಹೊರಗೆ ನಿಂತ ರೈತನಿಗೂ ಒಳಗೆ ಕಡತ ನೋಡುವ ಗುಮಾಸ್ತರಿಗೂ ಇರುವಷ್ಟೇ ಪರಿಚಯ ಇವೆರಡಕ್ಕೂ. ನಡುವೆ ಓಡಾಡುವುದು ಕಾಗದ ಮಾತ್ರ.

ಆ ಕಾಗದದಲ್ಲಿ ಏನಿರುತ್ತದೆ? ೧೯೯೫ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ ಎರಡನೆಯ ಆವೃತ್ತಿಯ ನಿರೂಪಣೆಯಲ್ಲಿಯೇ ಇದರ ಕ್ರಮ ಹೇಳಿದೆ. ‘ಸಲ್ಲಿಸು’ ಗುಂಡಿಯನ್ನು ಒತ್ತಿದೊಡನೆ ಬ್ರೌಸರ್ ಪ್ರತಿಯೊಂದು ಕಾಲಮಿನ ಹೆಸರನ್ನೂ ಅದರಲ್ಲಿ ಬರೆದುದನ್ನೂ ಜೋಡಿಸಿ, ನಡುವೆ ಸಮಚಿಹ್ನೆಯಿಟ್ಟು, ಎಲ್ಲವನ್ನೂ ಒಂದೇ ಸಾಲಾಗಿ ಪೋಣಿಸುತ್ತದೆ. ಕನ್ನಡದ ‘ಕ’ ಎಂಬ ಒಂದು ಅಕ್ಷರ ಈಗ ಶೇಕಡಾ ಚಿಹ್ನೆಗಳೂ ಸೇರಿ ಒಂಬತ್ತು ಗುರುತುಗಳಾಗಿ ಪ್ರಯಾಣ ಮಾಡಿ, ಆಚೆಯ ದಡದಲ್ಲಿ ಮತ್ತೆ ‘ಕ’ ಆಗುತ್ತದೆ. ‘ಗೆಟ್’ ರೀತಿಯಲ್ಲಿ ಕಳುಹಿಸಿದರೆ ಈ ಸಾಲು ವಿಳಾಸದ ಬಾಲದಲ್ಲಿಯೇ, ಅಂಚೆಯ ಕಾರ್ಡಿನ ಬರಹದಂತೆ, ಕಣ್ಣಿಗೆ ಬೀಳುತ್ತದೆ. ‘ಪೋಸ್ಟ್’ ರೀತಿಯಲ್ಲಾದರೆ ಸಂದೇಶದ ಒಡಲೊಳಗೆ ಹೋಗುತ್ತದೆ. ಆದರೂ ದಾರಿಯ ರಕ್ಷಣೆಗೆ ಎಚ್‌ಟಿಟಿಪಿಎಸ್ ಬೇಕೇ ಬೇಕು.

ಮೆಥಡ್ ಪ್ರತಿಯೊಂದನ್ನೂ ಹೆಸರು ಹಿಡಿದೇ ಕೇಳುತ್ತದೆ. ತೆರೆಯ ಮೇಲೆ ಕಾಣುವ ಶೀರ್ಷಿಕೆ ಬೇರೆ, ಕಾಲಮಿಗೆ ಒಳಗೆ ಇಟ್ಟ ಹೆಸರು ಬೇರೆ. ಒಳಗಿನ ಹೆಸರಿಲ್ಲದ ಕಾಲಮಿನಲ್ಲಿ ಬರೆದುದು ಹೊರಡುವುದೇ ಇಲ್ಲ. ಫಾರ್ಮಿನಲ್ಲಿ ‘ಖಾತೆ’ ಎಂದೂ ಮೆಥಡಿನಲ್ಲಿ ‘ಖಾತಾ’ ಎಂದೂ ಇದ್ದರೆ ಎರಡಕ್ಕೂ ಭೇಟಿಯಾಗದು. ಗುರುತು ಹಾಕದೆ ಬಿಟ್ಟ ಚೌಕವೂ ‘ಇಲ್ಲ’ ಎಂದು ಹೇಳಿ ಕಳುಹಿಸುವುದಿಲ್ಲ, ಸುಮ್ಮನಿದ್ದುಬಿಡುತ್ತದೆ.

ಇನ್ನು ಮುಖ್ಯ ಸಂಗತಿ. ಹೀಗೆ ಬಂದುದೆಲ್ಲ ಬರಿಯ ಅಕ್ಷರ. ಬರೆದ ೫೦೦ ಎಂಬುದು ಮೂರು ಗುರುತುಗಳೇ ಹೊರತು ಸಂಖ್ಯೆಯಲ್ಲ. ಹಾಗೆಯೇ ಕೂಡಿಸಹೋದರೆ ೫೦೦ಕ್ಕೆ ೫೦೦ ಸೇರಿ ಸಾವಿರವಾಗದೆ ೫೦೦೫೦೦ ಆಗುತ್ತದೆ! ಆದುದರಿಂದ ಮೊತ್ತವನ್ನು ಸಂಖ್ಯೆಯಾಗಿ ಪರಿವರ್ತಿಸಬೇಕು. ಪೈಥಾನಿನ ‘ಇಂಟ್’ ಈ ಕೆಲಸ ಮಾಡುತ್ತದೆ. ಕನ್ನಡ ಅಂಕಿಗಳನ್ನೂ ಅದು ಓದಬಲ್ಲುದು. ಇದನ್ನು ಕಂಡು ಹಿಗ್ಗಿದ ನಾನು ಅಂಕಿಗಳಿದ್ದ ಕಾಲಂಗಳಿಗೆಲ್ಲ ಅದನ್ನೇ ಹಚ್ಚಿದೆ, ಖಾತೆಯ ಸಂಖ್ಯೆಗೂ.

ಅಲ್ಲಿಯೇ ಎಡವಿದೆ. ಕಿರಿಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಖಾತೆಯ ಸಂಖ್ಯೆ ಎರಡು ಸೊನ್ನೆಗಳಿಂದ ಆರಂಭವಾಗುತ್ತಿತ್ತು. ಗಣಿತದಲ್ಲಿ ಮುಂದಣ ಸೊನ್ನೆಗೆ ಬೆಲೆಯಿಲ್ಲ. ‘ಇಂಟ್’ ಅವೆರಡನ್ನೂ ಅಳಿಸಿತು. ಕಳುಹಿಸಿದ ಹಣ ಹಿಂದಿರುಗಿತು. ಕಾರಣ ತಿಳಿಯುವ ವೇಳೆಗೆ ಶುಲ್ಕದ ಕಡೆಯ ದಿನ ದಾಟಿತ್ತು. ಆಕೆಯ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಮಾಡಿ ದಂಡಸಹಿತ ಕಟ್ಟಿದರು. ಆಕೆ ನನ್ನನ್ನು ಬೈಯಲಿಲ್ಲ. “ನಾನು ಸರಿಯಾಗಿಯೇ ಬರೆದಿದ್ದೆನಲ್ಲ ಅಣ್ಣ” ಎಂದಳು. ಅಷ್ಟೇ ಸಾಕಾಯಿತು.

ಖಾತೆಯ ಸಂಖ್ಯೆ, ನೋಂದಣಿ ಸಂಖ್ಯೆ ಮೊದಲಾದವು ಅಂಕಿಗಳ ವೇಷ ತೊಟ್ಟ ಹೆಸರುಗಳು. ಇವನ್ನು ಕೂಡಿ ಕಳೆಯುವ ಪ್ರಸಂಗ ಎಂದಾದರೂ ಬರುವುದೇ ಎಂದು ಕೇಳಿಕೊಂಡರೆ ಉತ್ತರ ತಾನೇ ಹೊಳೆಯುತ್ತದೆ. ಬಾರದಿದ್ದರೆ ಅಕ್ಷರವಾಗಿಯೇ ಇರಲಿ.

ಈಗ ಮೆಥಡನ್ನು ತಿದ್ದಿದ್ದೇನೆ. ಬರಬೇಕಾದ ಕಾಲಂಗಳೆಲ್ಲ ಬಂದಿವೆಯೇ, ಮೊತ್ತ ಮಿತಿಯೊಳಗಿದೆಯೇ, ಖಾತೆಯಲ್ಲಿ ಅಂಕಿಗಳು ಮಾತ್ರ ಇವೆಯೇ ಎಂದು ಅದು ಪರೀಕ್ಷಿಸುತ್ತದೆ. ಬ್ರೌಸರಿನಲ್ಲಿ ಒಮ್ಮೆ ಪರೀಕ್ಷೆಯಾಗಿದ್ದರೂ ಅದನ್ನು ತಪ್ಪಿಸಿ ಬರುವ ದಾರಿಗಳಿರುವುದರಿಂದ ಸರ್ವರಿನಲ್ಲಿ ಮತ್ತೊಮ್ಮೆ ನೋಡಲೇಬೇಕು. ಡೇಟಾಬೇಸಿಗೆ ಸೇರಿಸುವಾಗ ಬಂದ ಮಾತನ್ನು ಆಜ್ಞೆಯೊಳಗೆ ಬೆರೆಸದೆ ಬೇರೆಯಾಗಿಯೇ ಒಪ್ಪಿಸುತ್ತದೆ. ಇಲ್ಲವಾದರೆ ದುರುದ್ದೇಶದಿಂದ ಬರೆದ ಮಾತೇ ಆಜ್ಞೆಯಾದೀತು. ತಪ್ಪು ಕಂಡರೆ ತಾನೇ ಊಹಿಸಿ ತಿದ್ದದೆ, ಬರೆದವರನ್ನೇ ಮತ್ತೆ ಕೇಳುತ್ತದೆ.

ಅರ್ಜಿ ಬರೆದವರ ಕಷ್ಟ ಮೆಥಡಿಗೆ ತಿಳಿಯದು. ಬರೆದ ಅಕ್ಷರವಷ್ಟೇ ಅದರ ಕೈಗೆ ಸಿಗುವುದು. ಅದನ್ನು ಬರೆದಂತೆಯೇ ಮುಟ್ಟಿಸುವ ಹೊಣೆ ಮೆಥಡನ್ನು ಬರೆದವನದು. ಆಕೆ ಪರೀಕ್ಷೆಗೆ ಕುಳಿತಳು, ತೇರ್ಗಡೆಯಾದಳು. ದಂಡದ ಹಣವನ್ನು ನಾನು ಆಕೆಯ ತಾಯಿಗೆ ತಲುಪಿಸಿದೆ. ಕಲಿತ ಪಾಠಕ್ಕೆ ಅದು ಹೆಚ್ಚಿನ ಬೆಲೆಯೇನೂ ಅಲ್ಲ.